ಕಾಣದ ಜೀವಿಗಳನ್ನು ಕಂಡ ಲೂಯಿ ಪಾಶ್ಚರ್

ಕರೆದಿಟ್ಟ ಹಾಲು ಒಂದು ಹಗಲು ಕಳೆಯುವುದರೊಳಗೆ ಹುಳಿಯಾಗುತ್ತದೆ. ಹಿಂಡಿಟ್ಟ ದ್ರಾಕ್ಷಿಯ ರಸ ಕೆಲವು ದಿನಗಳಲ್ಲಿ ಮದ್ಯವಾಗುತ್ತದೆ. ಒಡೆದ ಹಾಲಿನ ಗಟ್ಟಿಯನ್ನು ಅಚ್ಚಿನಲ್ಲಿ ಒತ್ತಿ ನೆಲಮಾಳಿಗೆಯ ತಂಪಿನಲ್ಲಿ ತಿಂಗಳುಗಟ್ಟಲೆ ಇರಿಸಿದರೆ, ಮೊದಲು ಸಪ್ಪೆಯಾಗಿದ್ದ ಆ ಗಟ್ಟಿಯೇ ಸುವಾಸನೆಯಿಂದ ಕೂಡಿದ ಚೀಸ್ ಆಗುತ್ತದೆ. ಇವೆಲ್ಲವನ್ನೂ ಮನುಷ್ಯನು ಸಾವಿರಾರು ವರ್ಷಗಳಿಂದ ಬಲ್ಲನು. ಹಾಲಿಗೆ ಹೆಪ್ಪು ಹಾಕುವ ಗೃಹಿಣಿಗೆ ಒಂದು ತೊಟ್ಟು ಹಳೆಯ ಮೊಸರು ಬೇಕೆಂಬುದು ತಿಳಿದಿತ್ತು. ಆದರೆ ಆ ತೊಟ್ಟಿನೊಳಗೆ ಏನಿದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಅದರೊಳಗೆ ಜೀವವಿದೆ ಎಂಬುದನ್ನು ಪ್ರಯೋಗದ ಮೂಲಕ ತೋರಿಸಿಕೊಟ್ಟ ವಿಜ್ಞಾನಿ ಲೂಯಿ ಪಾಶ್ಚರ್.

ಪೂರ್ವ ಫ್ರಾನ್ಸಿನ ಜೂರಾ ಪ್ರಾಂತದ ದೋಲ್ ಎಂಬ ಊರಿನಲ್ಲಿ 1822ನೆಯ ಇಸವಿ ಡಿಸೆಂಬರ್ 27ರಂದು ಪಾಶ್ಚರನು ಜನಿಸಿದನು. ಅವನ ತಂದೆ ಚರ್ಮ ಹದಮಾಡುವ ಕಸುಬಿನವನು. ನೆಪೋಲಿಯನ್ನನ ಸೈನ್ಯದಲ್ಲಿ ಹೋರಾಡಿ ಗೌರವಪದಕವನ್ನು ಪಡೆದಿದ್ದವನು. ಮಗನಿಗೆ ಇನ್ನೂ ಐದು ವರ್ಷವಾಗಿದ್ದಾಗಲೇ ಕುಟುಂಬವು ಸಮೀಪದ ಆರ್ಬ್ವಾ ಪಟ್ಟಣಕ್ಕೆ ಬಂದು ನೆಲೆಸಿತು. ಸುತ್ತಲೂ ದ್ರಾಕ್ಷಿಯ ತೋಟಗಳು, ಮೇಲೆ ಹಸುಗಳು ಮೇಯುವ ಬೆಟ್ಟದ ಹುಲ್ಲುಗಾವಲುಗಳು, ಹಳ್ಳಿಹಳ್ಳಿಗಳಲ್ಲಿ ಚೀಸ್ ಮಾಡುವ ಮನೆಗಳು ಇದ್ದ ಸೀಮೆ ಅದು. ಮದ್ಯ, ಹಾಲು, ಚರ್ಮ ಈ ಮೂರೂ ಹುದುಗುವ ಅಥವಾ ಕೊಳೆಯುವ ಪದಾರ್ಥಗಳು. ಮುಂದೆ ತನ್ನ ಬಾಳಿನ ಕಾರ್ಯವಾಗಲಿದ್ದ ಸಂಗತಿಗಳ ನಡುವೆಯೇ ಬಾಲಕನು ಬೆಳೆದನು.

ಬಾಲ್ಯದಲ್ಲಿ ಪಾಶ್ಚರನು ಅಸಾಧಾರಣ ಬುದ್ಧಿವಂತನೆಂದು ಯಾರಿಗೂ ತೋರಲಿಲ್ಲ. ಚಿತ್ರ ಬರೆಯುವುದರಲ್ಲಿ ಅವನಿಗೆ ವಿಶೇಷ ಆಸಕ್ತಿಯಿತ್ತು. ತಾಯಿತಂದೆಯರ, ನೆರೆಹೊರೆಯವರ ಭಾವಚಿತ್ರಗಳನ್ನು ಅವನು ಬಲು ಸೂಕ್ಷ್ಮವಾಗಿ ಬಿಡಿಸುತ್ತಿದ್ದನು. ಕಂಡುದನ್ನು ಕಂಡಂತೆ ಗುರುತಿಸುವ ಕಣ್ಣು ಅವನಿಗೆ ಆಗಲೇ ಒದಗಿತ್ತು. 1831ರಲ್ಲಿ ಹುಚ್ಚುಹಿಡಿದ ತೋಳವೊಂದು ಆ ಪ್ರದೇಶದ ಹಲವರನ್ನು ಕಚ್ಚಿತು. ಗಾಯಗೊಂಡವರನ್ನು ಕಮ್ಮಾರನ ಕುಲುಮೆಗೆ ಕರೆತಂದು ಕಾದ ಕಬ್ಬಿಣದಿಂದ ಗಾಯವನ್ನು ಸುಡುತ್ತಿದ್ದರು. ಆ ಘೋರ ದೃಶ್ಯದ ನೆನಪು ಅವನ ಮನಸ್ಸಿನಿಂದ ಅಳಿಸಿಹೋಗಲಿಲ್ಲ.

ಹದಿನೈದನೆಯ ವಯಸ್ಸಿನಲ್ಲಿ ಓದಿಗಾಗಿ ಪ್ಯಾರಿಸ್ಸಿಗೆ ಹೋದ ಬಾಲಕನು ಮನೆಯ ನೆನಪನ್ನು ತಾಳಲಾರದೆ ತಂದೆಯೊಡನೆ ಹಿಂದಿರುಗಿದನು. ಬಳಿಕ ಬೆಸಾನ್ಸೋನ್ ನಗರದಲ್ಲಿ ವ್ಯಾಸಂಗವನ್ನು ಮುಂದುವರಿಸಿದನು. 1842ರಲ್ಲಿ ವಿಜ್ಞಾನದ ಪದವಿ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ರಸಾಯನಶಾಸ್ತ್ರದಲ್ಲಿ ಅವನಿಗೆ ದೊರೆತದ್ದು ಸಾಧಾರಣ ದರ್ಜೆ ಮಾತ್ರ. ಅದೇ ವರ್ಷ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯ ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾದರೂ ತನ್ನ ಸ್ಥಾನವು ತೃಪ್ತಿಕರವಾಗಿಲ್ಲವೆಂದು ಅವನು ಸೇರಲಿಲ್ಲ. ಮತ್ತೆ ಒಂದು ವರ್ಷ ಓದಿ, ಇನ್ನೂ ಮೇಲಿನ ಸ್ಥಾನ ಗಳಿಸಿ 1843ರಲ್ಲಿ ಅಲ್ಲಿಗೆ ಸೇರಿದನು. ಸೋಲನ್ನು ಮರೆಮಾಚದೆ, ಅರೆಗೆಲುವಿಗೆ ಒಪ್ಪದೆ ದುಡಿಯುವ ಸ್ವಭಾವವು ಅವನಲ್ಲಿ ಕಡೆಯವರೆಗೂ ಉಳಿಯಿತು.

ಪಾಶ್ಚರನ ಮೊದಲ ಸಂಶೋಧನೆ ಹರಳುಗಳಿಗೆ ಸಂಬಂಧಿಸಿದ್ದು. ದ್ರಾಕ್ಷಿಯ ಮದ್ಯದ ಪೀಪಾಯಿಗಳಲ್ಲಿ ಸಂಗ್ರಹವಾಗುವ ಟಾರ್ಟಾರಿಕ್ ಆಮ್ಲದ ಒಂದು ರೂಪವನ್ನು ಪರೀಕ್ಷಿಸುತ್ತ, ಅದರ ಲವಣದ ಹರಳುಗಳಲ್ಲಿ ಎರಡು ಬಗೆಗಳಿರುವುದನ್ನು 1848ರಲ್ಲಿ ಅವನು ಕಂಡುಹಿಡಿದನು. ಎಡಗೈ ಬಲಗೈಗಳಂತೆ ಅವು ಒಂದಕ್ಕೊಂದು ಪ್ರತಿಬಿಂಬಗಳಾಗಿದ್ದುವು. ಆಗ ಅವನಿಗೆ ಇಪ್ಪತ್ತಾರು ವರ್ಷವೂ ತುಂಬಿರಲಿಲ್ಲ. ಮರುವರ್ಷ ಸ್ಟ್ರಾಸ್‌ಬೂರ್ಗ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದಾಗ ಮರೀ ಲಾರಾಂಳನ್ನು ವಿವಾಹವಾದನು. ಪತಿ ಹೇಳಿದ್ದನ್ನು ಬರೆದುಕೊಳ್ಳುತ್ತ, ಪ್ರಯೋಗಗಳ ವಿಚಾರವನ್ನು ಕೇಳಿ ತಿಳಿಯುತ್ತ ಆಕೆ ಅವನ ಜೀವನದ ಸಹಚರಿಯಷ್ಟೇ ಅಲ್ಲದೆ ಕಾರ್ಯದ ಸಹಚರಿಯೂ ಆದಳು.

1854ರಲ್ಲಿ ಪಾಶ್ಚರನು ಉತ್ತರ ಫ್ರಾನ್ಸಿನ ಲೀಲ್ ನಗರದ ವಿಜ್ಞಾನ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದನು. ಅದು ಕಾರ್ಖಾನೆಗಳ ನಗರ. ಅಲ್ಲಿ ಬೀಟ್‌ರೂಟಿನ ರಸದಿಂದ ಮದ್ಯಸಾರವನ್ನು ತಯಾರಿಸುತ್ತಿದ್ದ ಬೀಗೋ ಎಂಬ ಉದ್ಯಮಿಯು 1856ರಲ್ಲಿ ಅವನ ಬಳಿಗೆ ಬಂದು ತನ್ನ ತೊಂದರೆಯನ್ನು ತೋಡಿಕೊಂಡನು. ಅವನ ತೊಟ್ಟಿಗಳಲ್ಲಿ ಕೆಲವು ಕೆಟ್ಟುಹೋಗುತ್ತಿದ್ದುವು. ಮದ್ಯಸಾರ ಬರಬೇಕಾದಲ್ಲಿ ರಸ ಹುಳಿಯಾಗುತ್ತಿತ್ತು. ಪಾಶ್ಚರನು ಕಾರ್ಖಾನೆಗೆ ಹೋಗಿ ಒಳ್ಳೆಯ ತೊಟ್ಟಿಯಿಂದಲೂ ಕೆಟ್ಟ ತೊಟ್ಟಿಯಿಂದಲೂ ರಸವನ್ನು ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದನು. ಒಳ್ಳೆಯ ರಸದಲ್ಲಿ ದುಂಡನೆಯ ಯೀಸ್ಟ್ ಕಣಗಳಿದ್ದುವು. ಕೆಟ್ಟ ರಸದಲ್ಲಿ ಅವುಗಳಿಗಿಂತ ಬಹಳ ಚಿಕ್ಕವಾದ ಬೇರೆ ರೂಪದ ಕಣಗಳು ಕಂಡವು. ಆ ರಸದಲ್ಲಿದ್ದ ಹುಳಿಯು ಲ್ಯಾಕ್ಟಿಕ್ ಆಮ್ಲ, ಎಂದರೆ ಹುಳಿಹಾಲಿನಲ್ಲಿ 1780ರಲ್ಲಿ ಷೀಲೆ ಎಂಬ ರಸಾಯನಜ್ಞನು ಗುರುತಿಸಿದ್ದ ಆಮ್ಲವೇ ಆಗಿತ್ತು.

ಆ ಕಾಲದ ರಸಾಯನಶಾಸ್ತ್ರದಲ್ಲಿ ಜರ್ಮನಿಯ ಲೀಬಿಗ್‌ನ ಮಾತೇ ಪ್ರಮಾಣವಾಗಿತ್ತು. ಹುದುಗುವಿಕೆಯು ಜೀವಿಗಳ ಕಾರ್ಯವಲ್ಲ. ಕೊಳೆಯುತ್ತಿರುವ ಸಾರಜನಕಯುಕ್ತ ಪದಾರ್ಥದ ಅಲುಗಾಟವು ಸಕ್ಕರೆಗೆ ತಗುಲಿ ಅದನ್ನು ಒಡೆಯುತ್ತದೆ ಎಂಬುದು ಅವನ ವಾದ. ಅದರ ಪ್ರಕಾರ, ಹಾಲು ಹುಳಿಯಾಗುವುದಕ್ಕೆ ಹಾಲಿನ ಪ್ರೋಟೀನು ಕೊಳೆಯುವುದೇ ಕಾರಣವಾಗಬೇಕಿತ್ತು. ಯೀಸ್ಟ್ ಜೀವಕೋಶವೆಂದು ಕೆಲವರು ಅದಕ್ಕೆ ಮುಂಚೆಯೇ ಹೇಳಿದ್ದರೂ ಅವರ ಮಾತಿಗೆ ಮನ್ನಣೆ ದೊರೆತಿರಲಿಲ್ಲ. ಮೂವತ್ತನಾಲ್ಕು ವರ್ಷದ ಪ್ರಾಧ್ಯಾಪಕನೊಬ್ಬನು ಅಂಥ ಮಹಾಪಂಡಿತನ ಎದುರು ನಿಲ್ಲಬೇಕಾದರೆ ಬರಿಯ ಊಹೆ ಸಾಲದು, ಅಚ್ಚುಕಟ್ಟಾದ ಪ್ರಯೋಗ ಬೇಕಾಗಿತ್ತು.

ಸೀಮೆಸುಣ್ಣ ಬೆರೆತು ಹುಳಿಯುತ್ತಿದ್ದ ದ್ರವದ ತಳದಲ್ಲಿ ನಿಂತ ಗಷ್ಟಿನ ಮೇಲೆ ಬೂದುಬಣ್ಣದ ಸಣ್ಣ ಮಚ್ಚೆಗಳಿರುವುದನ್ನು ಪಾಶ್ಚರನು ಗಮನಿಸಿದನು. ಉಳಿದವರು ಅದನ್ನು ಕಸವೆಂದು ಕಡೆಗಣಿಸಿದ್ದರು. ಅವನು ಯೀಸ್ಟನ್ನು ನೀರಿನಲ್ಲಿ ಕುದಿಸಿ, ಸೋಸಿ, ತಿಳಿಯಾದ ಸಾರವನ್ನು ತೆಗೆದನು. ಅದರಲ್ಲಿ ಸಕ್ಕರೆಯನ್ನು ಕರಗಿಸಿ, ಹುಟ್ಟುವ ಆಮ್ಲವನ್ನು ತಟಸ್ಥಗೊಳಿಸಲು ಸೀಮೆಸುಣ್ಣವನ್ನು ಬೆರೆಸಿದನು. ಬಳಿಕ ಆ ಬೂದು ಪದಾರ್ಥದ ಒಂದು ಕಣದಷ್ಟನ್ನು ಅದರಲ್ಲಿ ಬಿತ್ತಿ ಬೆಚ್ಚಗೆ ಇರಿಸಿದನು. ಮರುದಿನವೇ ದ್ರವದಲ್ಲಿ ಗುಳ್ಳೆಗಳು ಎದ್ದುವು. ಲ್ಯಾಕ್ಟಿಕ್ ಆಮ್ಲವು ಹುಟ್ಟತೊಡಗಿತು. ಬೂದು ಪದಾರ್ಥವೂ ಹೆಚ್ಚುತ್ತ ಹೋಯಿತು. ಅದರಿಂದ ತೆಗೆದ ಕಣವನ್ನು ಹೊಸ ದ್ರವದಲ್ಲಿ ಬಿತ್ತಿದಾಗ ಅಲ್ಲಿಯೂ ಹಾಗೆಯೇ ನಡೆಯಿತು. ಕೊಳೆಯುವ ವಸ್ತುವು ಹೀಗೆ ಪೀಳಿಗೆಯಿಂದ ಪೀಳಿಗೆಗೆ ವೃದ್ಧಿಯಾಗಲಾರದು. ವೃದ್ಧಿಯಾಗುವುದು ಜೀವದ ಲಕ್ಷಣ.

1857ರ ಆಗಸ್ಟ್ ತಿಂಗಳಲ್ಲಿ ಲೀಲ್ ನಗರದ ವಿಜ್ಞಾನ ಸಂಘದ ಮುಂದೆ ಪಾಶ್ಚರನು ಈ ಪ್ರಬಂಧವನ್ನು ಮಂಡಿಸಿದನು. ಕೆಲವೇ ಪುಟಗಳ ಆ ಬರಹದಲ್ಲಿ ಸೂಕ್ಷ್ಮಜೀವಿವಿಜ್ಞಾನದ ತಳಹದಿ ಅಡಗಿತ್ತು. ಒಂದೊಂದು ಬಗೆಯ ಹುದುಗುವಿಕೆಗೂ ಒಂದೊಂದು ಬಗೆಯ ಜೀವಿ ಕಾರಣವೆಂಬುದು ಅದರ ಸಾರ. ಯೀಸ್ಟ್ ಸಕ್ಕರೆಯಿಂದ ಮದ್ಯಸಾರವನ್ನು ಹುಟ್ಟಿಸಿದರೆ, ಅದಕ್ಕಿಂತ ಚಿಕ್ಕದಾದ ಬ್ಯಾಕ್ಟೀರಿಯವು ಲ್ಯಾಕ್ಟಿಕ್ ಆಮ್ಲವನ್ನು ಹುಟ್ಟಿಸುತ್ತದೆ. ಬಿತ್ತಿದ ಬೀಜದಂತೆ ಬೆಳೆ.

ಅದೇ ವರ್ಷ ಪಾಶ್ಚರನು ತಾನು ಓದಿದ್ದ ಎಕೋಲ್ ನಾರ್ಮಾಲ್ ಸಂಸ್ಥೆಗೆ ವಿಜ್ಞಾನ ವ್ಯಾಸಂಗದ ನಿರ್ದೇಶಕನಾಗಿ ಹಿಂದಿರುಗಿದನು. ಅಲ್ಲಿ ಅವನಿಗೆ ಪ್ರಯೋಗಾಲಯಕ್ಕೆಂದು ದೊರೆತದ್ದು ಅಟ್ಟದ ಮೇಲಿನ ಇಕ್ಕಟ್ಟಾದ ಕೋಣೆ. ಅಲ್ಲಿಯೇ ದುಡಿಯುತ್ತ, ಗಾಳಿಯಿಲ್ಲದೆಯೂ ಬದುಕಬಲ್ಲ ಸೂಕ್ಷ್ಮಜೀವಿಗಳಿರುವುದನ್ನು 1861ರಲ್ಲಿ ಪ್ರಕಟಿಸಿದನು. ಸೂಕ್ಷ್ಮಜೀವಿಗಳು ನಿರ್ಜೀವ ವಸ್ತುವಿನಿಂದ ತಾವಾಗಿಯೇ ಹುಟ್ಟುತ್ತವೆ ಎಂದು ಆಗ ಅನೇಕ ಪಂಡಿತರು ನಂಬಿದ್ದರು. ಪಾಶ್ಚರನು ಹಂಸದ ಕೊರಳಿನಂತೆ ಬಾಗಿದ ಕತ್ತುಳ್ಳ ಗಾಜಿನ ಬುದ್ದಲಿಗಳಲ್ಲಿ ಸಾರವನ್ನು ಕುದಿಸಿಟ್ಟನು. ಗಾಳಿ ಒಳಗೆ ಬರುತ್ತಿದ್ದರೂ ಅದರೊಡನೆ ಬರುವ ಧೂಳು ಬಾಗಿದ ಕತ್ತಿನಲ್ಲಿಯೇ ಉಳಿಯಿತು, ಸಾರವು ಕೆಡಲಿಲ್ಲ. ಕತ್ತನ್ನು ಮುರಿದೊಡನೆ ಕೆಲವೇ ದಿನಗಳಲ್ಲಿ ಕೆಟ್ಟಿತು. ಸೂಕ್ಷ್ಮಜೀವಿಯು ಸೂಕ್ಷ್ಮಜೀವಿಯಿಂದಲೇ ಹುಟ್ಟುತ್ತದೆಂಬುದು ಇದರಿಂದ ಸ್ಪಷ್ಟವಾಯಿತು. 1862ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಇದಕ್ಕಾಗಿ ಅವನಿಗೆ ಬಹುಮಾನವನ್ನಿತ್ತಿತು.

ಮುಂದೆ ಫ್ರಾನ್ಸಿನ ಮದ್ಯ ಕೆಡುವ ಕಾರಣವನ್ನು ಕಂಡುಹಿಡಿಯಬೇಕೆಂದು ಚಕ್ರವರ್ತಿ ಮೂರನೆಯ ನೆಪೋಲಿಯನ್ನನು ಕೋರಿದನು. ತನ್ನ ಹುಟ್ಟುಸೀಮೆಯಾದ ಆರ್ಬ್ವಾದಲ್ಲಿ ಪರಿಶೀಲನೆ ನಡೆಸಿ, ಮದ್ಯವನ್ನು ಕುದಿಸದೆ ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಸ್ವಲ್ಪ ಹೊತ್ತು ಕಾಯಿಸಿದರೆ ಅದನ್ನು ಕೆಡಿಸುವ ಜೀವಿಗಳು ಸಾಯುತ್ತವೆ, ರುಚಿ ಕೆಡುವುದಿಲ್ಲ ಎಂದು ಪಾಶ್ಚರನು ತೋರಿಸಿದನು. ಈ ವಿಧಾನಕ್ಕೆ ಪಾಶ್ಚರೀಕರಣವೆಂಬ ಹೆಸರು ಬಂದಿತು. ಹಾಲಿಗೆ ಇದನ್ನು ಅಳವಡಿಸಿದವರು ಬಳಿಕ ಬಂದ ಬೇರೆಯವರು.

ಕೀರ್ತಿ ಬೆಳೆಯುತ್ತಿದ್ದಂತೆ ದುಃಖವೂ ಮನೆಯನ್ನು ಹೊಕ್ಕಿತು. ಹಿರಿಯ ಮಗಳು ಜೀನಳು 1859ರಲ್ಲಿ ಒಂಬತ್ತನೆಯ ವಯಸ್ಸಿನಲ್ಲಿ ವಿಷಮಶೀತಜ್ವರದಿಂದ ತೀರಿಕೊಂಡಿದ್ದಳು. 1865ರಲ್ಲಿ ತಂದೆಯೂ ಎರಡು ವರ್ಷದ ಮಗಳು ಕಮೀಲಳೂ, ಮರುವರ್ಷ ಹನ್ನೆರಡು ವರ್ಷದ ಸೆಸೀಲಳೂ ಮರಣ ಹೊಂದಿದರು. ಐದು ಮಂದಿ ಮಕ್ಕಳಲ್ಲಿ ಉಳಿದವರು ಇಬ್ಬರೇ. ಈ ದಿನಗಳಲ್ಲಿಯೇ ದಕ್ಷಿಣ ಫ್ರಾನ್ಸಿನ ಅಲೆಸ್ ಪ್ರದೇಶದಲ್ಲಿ ರೇಷ್ಮೆಹುಳುಗಳ ರೋಗವನ್ನು ಕುರಿತು ಅವನು ಸಂಶೋಧನೆ ಮಾಡುತ್ತಿದ್ದನು. 1868ರ ಅಕ್ಟೋಬರ್‌ನಲ್ಲಿ ಪಾರ್ಶ್ವವಾಯು ಬಡಿದು ಎಡಭಾಗವು ಸ್ವಾಧೀನ ತಪ್ಪಿತು. ಆದರೂ ಅವನು ಕೆಲಸವನ್ನು ಕೈಬಿಡಲಿಲ್ಲ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗದ ಕಣಗಳು ಕಂಡರೆ ಆ ಮೊಟ್ಟೆಗಳನ್ನು ನಾಶಪಡಿಸುವ ವಿಧಾನವನ್ನು ಅವನು ರೂಪಿಸಿದನು. ಕರ್ನಾಟಕದ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ಗಂಟುರೋಗವನ್ನು ತಡೆಯಲು ತಾಯಿಚಿಟ್ಟೆಯನ್ನು ಪರೀಕ್ಷಿಸುವ ಪದ್ಧತಿಗೆ ಇದೇ ಮೂಲ.

ಹುಳಿಹಾಲಿನ ಸಂಶೋಧನೆಯನ್ನು ಮುಂದುವರಿಸಿದವರಲ್ಲಿ ಪಾಶ್ಚರನ ಶಿಷ್ಯ ಎಮೀಲ್ ದ್ಯೂಕ್ಲೋ ಮುಖ್ಯನು. ಅವನು ಚೀಸಿಗೆ ಹೆಸರಾದ ಕಾಂತಾಲ್ ಪ್ರಾಂತದವನು. ತನ್ನ ಸೀಮೆಯ ಚೀಸನ್ನು ಪರೀಕ್ಷಿಸುತ್ತ, ಸೂಕ್ಷ್ಮಜೀವಿಗಳು ಕಿಣ್ವಗಳನ್ನು ಉತ್ಪತ್ತಿಮಾಡಿ ಹಾಲಿನ ಪ್ರೋಟೀನನ್ನು ಕರಗಿಸುತ್ತವೆ ಎಂದು ಅವನು ತೋರಿಸಿದನು. ಇಂಗ್ಲೆಂಡಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರನು 1870ರ ದಶಕದಲ್ಲಿ ಹಾಲನ್ನು ಹುಳಿಮಾಡುವ ಬ್ಯಾಕ್ಟೀರಿಯವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದನು. ಇದೇ ಲಿಸ್ಟರನು ಪಾಶ್ಚರನ ಬರಹಗಳನ್ನು ಓದಿ, ಗಾಯ ಕೀವಾಗುವುದಕ್ಕೂ ಸೂಕ್ಷ್ಮಜೀವಿಗಳೇ ಕಾರಣವಿರಬೇಕೆಂದು ತರ್ಕಿಸಿ, 1865ರಿಂದ ಕಾರ್ಬಾಲಿಕ್ ಆಮ್ಲವನ್ನು ಬಳಸಿ ಅಸಂಖ್ಯಾತ ರೋಗಿಗಳ ಪ್ರಾಣವನ್ನು ಉಳಿಸುವ ಮಾರ್ಗವನ್ನು ತೆರೆದವನು.

ಚೀಸಿನೊಳಗೆ ನಡೆಯುವ ಕ್ರಿಯೆಯನ್ನು ವಿಜ್ಞಾನಿಗಳು ಇಂದು ವಿವರವಾಗಿ ಬಲ್ಲರು. ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೇಸಿನ್. ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಕರುವಿನ ಜಠರದಿಂದ ತೆಗೆದ ರೆನೆಟ್ ಎಂಬ ಸಾರವು ಕೇಸಿನ್ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಾಲನ್ನು ಗಟ್ಟಿಮಾಡುತ್ತದೆ. ನೀರು ಬಸಿದುಹೋಗಿ ಉಳಿದ ಗಟ್ಟಿಯಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಗಳು ಸಿಕ್ಕಿಕೊಳ್ಳುತ್ತವೆ. ಅವು ಬೆಳೆಯಲು ಅಮೈನೋ ಆಮ್ಲಗಳು ಬೇಕು. ಹಾಲಿನಲ್ಲಿ ಬಿಡಿಯಾಗಿರುವ ಅಮೈನೋ ಆಮ್ಲ ಬಹಳ ಕಡಿಮೆ. ಆದುದರಿಂದ ಅವು ಕೇಸಿನನ್ನೇ ಒಡೆಯಬೇಕಾಗುತ್ತದೆ.

ಈ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಬ್ಯಾಕ್ಟೀರಿಯದ ಹೊರಕವಚಕ್ಕೆ ಅಂಟಿಕೊಂಡಿರುವ ಕಿಣ್ವವೊಂದು ಕೇಸಿನಿನ ಉದ್ದವಾದ ಸರಪಣಿಯನ್ನು ಪೆಪ್ಟೈಡ್ ಎಂಬ ತುಂಡುಗಳಾಗಿ ಕತ್ತರಿಸುತ್ತದೆ. ಆ ತುಂಡುಗಳನ್ನು ಬ್ಯಾಕ್ಟೀರಿಯವು ಒಳಗೆ ಸೆಳೆದುಕೊಳ್ಳುತ್ತದೆ. ಒಳಗಿರುವ ಬೇರೆ ಕಿಣ್ವಗಳು ಅವನ್ನು ಇನ್ನೂ ಕತ್ತರಿಸಿ ಅಮೈನೋ ಆಮ್ಲಗಳನ್ನಾಗಿ ಬಿಡಿಸುತ್ತವೆ. ಕೆಲವು ಪೆಪ್ಟೈಡುಗಳು ಕಹಿಯಾಗಿರುತ್ತವೆ. ಅವು ಪೂರ್ಣವಾಗಿ ಒಡೆಯದಿದ್ದರೆ ಚೀಸ್ ಕಹಿಯಾಗುತ್ತದೆ. ಬಿಡಿಯಾದ ಅಮೈನೋ ಆಮ್ಲಗಳೇ ರುಚಿಗೂ ಪರಿಮಳಕ್ಕೂ ಮೂಲ. ಗ್ಲುಟಾಮಿಕ್ ಆಮ್ಲವು ಸಾರಿನಂಥ ತುಂಬು ರುಚಿಯನ್ನು ಕೊಡುತ್ತದೆ. ಗಂಧಕವುಳ್ಳ ಮಿಥಿಯೋನಿನ್ ಮಾರ್ಪಾಟಾಗಿ ಹಳೆಯ ಚೀಸಿನ ಖಾರವಾದ ವಾಸನೆಯನ್ನು ಹುಟ್ಟಿಸುತ್ತದೆ. ಹಾಲಿನಲ್ಲಿರುವ ಸಿಟ್ರಿಕ್ ಆಮ್ಲದಿಂದ ಕೆಲವು ಬ್ಯಾಕ್ಟೀರಿಯಗಳು ಬೆಣ್ಣೆಯ ಪರಿಮಳವನ್ನು ತಯಾರಿಸುತ್ತವೆ. ಹೀಗೆ ಸಪ್ಪೆಯಾದ ಗಟ್ಟಿಗೆ ತಿಂಗಳುಗಳ ಅವಧಿಯಲ್ಲಿ ಸ್ವಾದವು ತುಂಬಿಕೊಳ್ಳುತ್ತದೆ.

ಪಾಶ್ಚರನ ಬಾಳಿನ ಉತ್ತರಾರ್ಧವು ರೋಗಗಳೊಡನೆ ಹೋರಾಡುವುದರಲ್ಲಿ ಕಳೆಯಿತು. ಹುದುಗುವಿಕೆಗೆ ಸೂಕ್ಷ್ಮಜೀವಿಯು ಕಾರಣವಾದರೆ ರೋಗಕ್ಕೂ ಕಾರಣವಾಗಬಾರದೇಕೆ ಎಂಬುದೇ ಅವನ ವಿಚಾರಧಾರೆ. 1881ರಲ್ಲಿ ಪುಯ್ಯಿ ಲ ಫೋರ್ ಎಂಬ ಹಳ್ಳಿಯಲ್ಲಿ ಕುರಿಗಳಿಗೆ ನೆರಡಿರೋಗದ ಲಸಿಕೆಯನ್ನು ಹಾಕಿ ಬಹಿರಂಗವಾಗಿ ಪ್ರಯೋಗ ನಡೆಸಿದನು. ಲಸಿಕೆ ಹಾಕಿದ ಕುರಿಗಳು ರೋಗವನ್ನು ತಡೆದು ನಿಂತುವು. ಹಾಕದ ಕುರಿಗಳು ಸತ್ತುವು. ಅಲ್ಲಿ ಬಳಸಿದ ಲಸಿಕೆಯನ್ನು ಸಹೋದ್ಯೋಗಿಯೊಬ್ಬನ ರಾಸಾಯನಿಕ ವಿಧಾನದಿಂದ ತಯಾರಿಸಿದ್ದನ್ನು ಅವನು ಆಗ ಹೊರಗೆಡಹಲಿಲ್ಲವೆಂಬ ಸಂಗತಿ ಬಹುಕಾಲದ ಬಳಿಕ ಅವನ ಟಿಪ್ಪಣಿ ಪುಸ್ತಕಗಳಿಂದ ತಿಳಿದುಬಂದಿತು. ಮಹಾಪುರುಷರ ಜೀವನದಲ್ಲಿಯೂ ಇಂಥ ಕುಂದುಗಳಿರುತ್ತವೆ.

1885ರ ಜುಲೈ 6ರಂದು ಅಲ್ಸಾಸ್ ಪ್ರಾಂತದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನನ್ನು ತಾಯಿಯು ಪಾಶ್ಚರನ ಬಳಿಗೆ ಕರೆತಂದಳು. ಹುಚ್ಚುನಾಯಿಯು ಅವನನ್ನು ಹಲವು ಕಡೆ ಕಚ್ಚಿತ್ತು. ಪಾಶ್ಚರನು ವೈದ್ಯನಲ್ಲ, ತಾನು ಸಿದ್ಧಪಡಿಸುತ್ತಿದ್ದ ಲಸಿಕೆಯು ಮನುಷ್ಯರಿಗೆ ಸುರಕ್ಷಿತವೆಂಬ ಖಚಿತ ಆಧಾರವೂ ಇರಲಿಲ್ಲ. ಹಾಕಿದರೆ ಅಪಾಯವಾಗಬಹುದು, ಹಾಕದಿದ್ದರೆ ಭಯಂಕರ ಮರಣದ ಭೀತಿ. ಇಬ್ಬರು ವೈದ್ಯರ ಅಭಿಪ್ರಾಯವನ್ನು ಪಡೆದು, ಅವರಲ್ಲೊಬ್ಬನ ಕೈಯಿಂದ ಲಸಿಕೆಯನ್ನು ಹಾಕಿಸಿದನು. ಹತ್ತು ದಿನಗಳ ಅವಧಿಯಲ್ಲಿ ಹದಿಮೂರು ಸಲ ಲಸಿಕೆ ನೀಡಲಾಯಿತು. ಆ ರಾತ್ರಿಗಳಲ್ಲಿ ಪಾಶ್ಚರನಿಗೆ ನಿದ್ರೆಯಿರಲಿಲ್ಲ. ಬಾಲಕನು ಬದುಕಿದನು. ಈ ವಾರ್ತೆ ಹರಡಿ ದೇಶವಿದೇಶಗಳಿಂದ ಧನಸಹಾಯ ಹರಿದುಬಂದಿತು. 1888ರ ನವೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆಯು ಆರಂಭವಾಯಿತು. 1895ರ ಸೆಪ್ಟೆಂಬರ್ 28ರಂದು ಪಾಶ್ಚರನು ನಿಧನನಾದನು. ಅವನ ತರುವಾಯ ಸಂಸ್ಥೆಯ ಹೊಣೆಯನ್ನು ಹೊತ್ತವನು ಶಿಷ್ಯನಾದ ದ್ಯೂಕ್ಲೋ.

ಲೀಬಿಗನೊಡನೆ ನಡೆದ ವಿವಾದಕ್ಕೆ ಉತ್ತರ ದೊರೆತದ್ದು ಇಬ್ಬರೂ ಗತಿಸಿದ ಮೇಲೆ. 1897ರಲ್ಲಿ ಜರ್ಮನಿಯ ಎಡುವರ್ಡ್ ಬುಖ್ನರನು ಯೀಸ್ಟ್ ಕಣಗಳನ್ನು ಅರೆದು ಹಿಂಡಿ ತೆಗೆದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆಂದು ತೋರಿಸಿದನು. ಜೀವಕೋಶವು ಇಡಿಯಾಗಿ ಬದುಕಿರಬೇಕಾದ ಅಗತ್ಯವಿಲ್ಲ. ಅದು ತಯಾರಿಸಿದ ಕಿಣ್ವಗಳಿದ್ದರೆ ಸಾಕು. ಹಾಲು ತಾನಾಗಿ ಕೊಳೆತು ಹುಳಿಯಾಗುತ್ತದೆಂಬ ವಾದವು ಸುಳ್ಳಾಯಿತು. ಹುದುಗುವಿಕೆಯು ಕಡೆಗೂ ರಾಸಾಯನಿಕ ಕ್ರಿಯೆಯೇ ಎಂಬ ವಾದದಲ್ಲಿ ಹುರುಳಿದೆಯೆಂದು ತಿಳಿಯಿತು. ಇದಕ್ಕೆ ಒಳ್ಳೆಯ ನಿದರ್ಶನವು ಚೀಸಿನಲ್ಲಿಯೇ ಇದೆ. ಅದು ಹಣ್ಣಾಗುವ ಕಾಲದಲ್ಲಿ ಹಾಲನ್ನು ಹುಳಿಮಾಡಿದ ಬ್ಯಾಕ್ಟೀರಿಯಗಳು ಬಹುಮಟ್ಟಿಗೆ ಸಾಯುತ್ತವೆ. ಅವುಗಳ ದೇಹ ಒಡೆದು ಹೊರಬಂದ ಕಿಣ್ವಗಳು ಪೆಪ್ಟೈಡುಗಳನ್ನು ಕತ್ತರಿಸುವ ಕೆಲಸವನ್ನು ಮುಂದುವರಿಸುತ್ತಲೇ ಇರುತ್ತವೆ. ಜೀವವಿಲ್ಲದೆ ಆ ಕಿಣ್ವಗಳು ಹುಟ್ಟುತ್ತಿರಲಿಲ್ಲ. ಜೀವ ಹೋದ ಮೇಲೂ ಅವುಗಳ ಕಾರ್ಯ ನಿಲ್ಲುವುದಿಲ್ಲ.

ಹಾಲನ್ನು ಪಾಶ್ಚರೀಕರಿಸಿದರೆ ರೋಗಾಣುಗಳೊಡನೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳೂ ಬಹುಪಾಲು ನಾಶವಾಗುತ್ತವೆ. ಆದುದರಿಂದ ಅಂಥ ಹಾಲಿನಿಂದ ಚೀಸ್ ಮಾಡುವವರು ಬೇಕಾದ ಬ್ಯಾಕ್ಟೀರಿಯಗಳನ್ನು ಮತ್ತೆ ಬಿತ್ತುತ್ತಾರೆ. ಪಾಶ್ಚರನು ಬೆಳೆದ ಜೂರಾ ಸೀಮೆಯಲ್ಲಿ ತಯಾರಾಗುವ ಕೋಂತೆ ಎಂಬ ಚೀಸನ್ನಾದರೋ ಇಂದಿಗೂ ಪಾಶ್ಚರೀಕರಿಸದ ಹಸಿಹಾಲಿನಿಂದಲೇ ಮಾಡಬೇಕೆಂಬ ನಿಯಮವಿದೆ. ಸುಮಾರು 400 ಲೀಟರ್ ಹಾಲಿನಿಂದ 40 ಕಿಲೋಗ್ರಾಂ ತೂಗುವ ಒಂದು ಚಕ್ರವನ್ನು ಮಾಡಿ, ಕಡಿಮೆಯೆಂದರೂ ನಾಲ್ಕು ತಿಂಗಳು ಹಣ್ಣಾಗಿಸುತ್ತಾರೆ. ಸೂಕ್ಷ್ಮಜೀವಿಗಳಲ್ಲಿ ಕೊಲ್ಲತಕ್ಕವೂ ಇವೆ, ಸಾಕತಕ್ಕವೂ ಇವೆ. ಯಾವುದು ಯಾವುದೆಂದು ಬೇರ್ಪಡಿಸಿ ನೋಡುವ ವಿವೇಕವನ್ನು ಮನುಷ್ಯನಿಗೆ ತಂದಿತ್ತವನು, ಕೆಟ್ಟುಹೋದ ತೊಟ್ಟಿಯ ತಳದ ಬೂದು ಮಚ್ಚೆಯನ್ನು ಕಸವೆಂದು ಎಸೆಯದೆ ಪರೀಕ್ಷಿಸಿದ ಆ ಚರ್ಮಕಾರನ ಮಗ.